ಎನ್‌ಎಸ್‌ಎಸ್ ಬಿಟ್ಟಿದ್ದು ಯಾಕೆ ಅಂತ ಕೇಳೋರಿಗೆಲ್ಲ

ನಮ್ಮ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಆಫೀಸರ್ ಜವಾಬ್ದಾರಿ ಬಿಟ್ಟೆ ಅಂತ ಗೊತ್ತಾದಾಗಿಂದ ಫೋನ್ ಮಾಡೋರೆಲ್ಲ ಕೇಳೋದು ಒಂದೇ, "ಏನ್ ಸಾರ್, ಪ್ರಿನ್ಸಿಪಾಲ್ ಜೊತೆ ಏನಾದ್ರೂ ಆಯ್ತಾ?" ಏನೂ ಆಗಿಲ್ಲ ಕಣ್ರಪ್ಪ. ಇವತ್ತು ಬೆಳಿಗ್ಗೆನೂ ಒಟ್ಟಿಗೇ ಕಾಫಿ ಕುಡಿದ್ವಿ.

ಎನ್‌ಎಸ್‌ಎಸ್ ಮ್ಯಾನ್ಯುಯಲ್ ತೆಗೆದು ನೋಡಿ, ಪ್ರೋಗ್ರಾಂ ಆಫೀಸರ್ ಅವಧಿ 3 ವರ್ಷ, ಬೇಕಾದ್ರೆ ಇನ್ನೊಂದು ವರ್ಷ ಎಕ್ಸ್‌ಟೆನ್ಷನ್, ಅಷ್ಟೇ. ಅದನ್ನ ಓದೋರು ಯಾರು ಹೇಳಿ, ಎಷ್ಟೋ ಕಾಲೇಜಲ್ಲಿ ಒಂದ್ಸಲ ಹೆಗಲಿಗೆ ಬಿತ್ತು ಅಂದ್ರೆ ಟ್ರಾನ್ಸ್‌ಫರೋ ರಿಟೈರ್‌ಮೆಂಟೋ ಆಗೋವರೆಗೂ ಅವರದ್ದೇ. ನಾನೂ ಆ ಅವಧಿ ದಾಟಿದೋನೇ.

ಬೇರೆಯವರು ಮುಂದೆ ಬರಲ್ಲ ಅನ್ನೋದೂ ನಿಜ, ಬರ್ತಾರಾದ್ರೂ ಹೆಂಗೆ? ಒಂದು ಯೂನಿಟ್ ಅಂದ್ರೆ 100 ಮಕ್ಕಳು, ಒಬ್ಬೊಬ್ಬರಿಗೂ ವರ್ಷಕ್ಕೆ 120 ಗಂಟೆ ಕೆಲಸ, ಅದರ ಮೇಲೆ 7 ದಿನದ ಸ್ಪೆಷಲ್ ಕ್ಯಾಂಪ್. ನಮ್ಮಲ್ಲಿ ಕ್ಯಾಂಪ್ ದುಡ್ಡು ಕೈಗೆ ಬರೋದು ಕ್ಯಾಂಪ್ ಮುಗಿದು ಎಲ್ಲರೂ ಮರೆತ ಮೇಲೆ, ಅಲ್ಲೀವರೆಗೂ ದಿನಸಿ ಅಂಗಡಿ ಸಾಲ ಆಫೀಸರ್ ಹೆಸರಲ್ಲಿ. ಕಡೆಗೆ ಆಡಿಟಲ್ಲಿ ತರಕಾರಿ ಬಿಲ್ ಎಲ್ಲಿ ಅಂತಾರೆ, ಸಂತೇಲಿ ನೆಲದ ಮೇಲೆ ಸೊಪ್ಪಿನ ಕಟ್ಟು ಹರಡ್ಕೊಂಡು ಕೂತಿರೋ ಅಜ್ಜಿ ಹತ್ರ ಜಿಎಸ್‌ಟಿ ಬಿಲ್ ಎಲ್ಲಿಂದ ತರೋದು ಸ್ವಾಮಿ! ಚೀಟಿ ಮೇಲೆ ಹೆಬ್ಬೆಟ್ಟು ಹಾಕಿಸ್ಕೊಂಡು ಬಂದಿದ್ದೂ ಇದೆ.

ಆದ್ರೆ ಬಿಟ್ಟಿದ್ದು ಈ ಕಾಟಕ್ಕಲ್ಲ. ಒಬ್ಬರೇ ಜಾಸ್ತಿ ವರ್ಷ ಕೂತ್ರೆ ಯೂನಿಟ್ಟು ಅವರ ಸ್ವಂತ ಮನೆ ಥರ ಆಗೋಗುತ್ತೆ. ಅವರಿಗೆ ಪರಿಚಯ ಇರೋ ಊರಲ್ಲೇ ಕ್ಯಾಂಪು, ಅವರ ಸ್ನೇಹಿತರದ್ದೇ ಭಾಷಣ, ಅವರ ಹಿಂದೆಮುಂದೆ ಓಡಾಡೋ ಹುಡುಗ್ರೇ ಲೀಡರ್‌ಗಳು, ಅವರನ್ನ ಕಂಡ್ರಾಗದ ಮಕ್ಕಳು ಎನ್‌ಎಸ್‌ಎಸ್ ಕಡೆ ತಲೆನೂ ಹಾಕಲ್ಲ. "ನನಗಲ್ಲ, ನಿನಗೆ" ಅಂತ ಎನ್‌ಎಸ್‌ಎಸ್ ಧ್ಯೇಯವಾಕ್ಯದ ಬ್ಯಾನರ್ ಕಟ್ಟಿ ಅದರ ಕೆಳಗೆ ವರ್ಷಾನುಗಟ್ಟಲೆ ಒಬ್ಬರೇ ಕೂತಿರೋದು ಏನ್ ಚೆಂದ?

ಈಗ ಎಕನಾಮಿಕ್ಸ್ ಮೇಡಂ ಒಪ್ಕೊಂಡಿದ್ದಾರೆ. ಅವರ ಹೆಸರು ಹೇಳಿದ್ದೇ ತಡ ಸ್ಟಾಫ್ ರೂಮಲ್ಲಿ ಶುರು, ಹೆಣ್ಣುಮಗಳು ಹಳ್ಳೀಲಿ ಒಂದು ವಾರ ಹೆಂಗಿರ್ತಾರೆ, ಊರೋರ ಹತ್ರ ಹೆಂಗ್ ಮಾತಾಡ್ತಾರೆ ಅಂತ. ಮಾತಾಡಿದೋರು ಯಾರೂ ಒಂದು ರಾತ್ರಿನೂ ಕ್ಯಾಂಪಲ್ಲಿ ಮಲಗಿದೋರಲ್ಲ ಬಿಡಿ. ನಮ್ಮ ಯೂನಿಟ್‌ನಲ್ಲಿ ಹುಡುಗೀರೇ ಜಾಸ್ತಿ, ಅವರಪ್ಪಂದಿರು ಪರ್ಮಿಷನ್ ಲೆಟರಿಗೆ ಸೈನ್ ಹಾಕೋಕೆ ಮುಂಚೆ ಕೇಳೋ ಮೊದಲ್ನೇ ಪ್ರಶ್ನೆನೇ "ರಾತ್ರಿ ಜೊತೇಲಿ ಯಾವ ಮೇಡಂ ಇರ್ತಾರೆ?" ಅಂತ. ಹಾಗಿರುವಾಗ ಮೇಡಮ್ಮೇ ಆಫೀಸರ್ ಆದ್ರೆ ಅದ್ಯಾವ ತೊಂದರೆ ನಂಗಂತೂ ಅರ್ಥ ಆಗಿಲ್ಲ.

ಅನುಭವ ಇಲ್ಲ ಅಂತೀರಾ? ಹೊಸಬ್ರಿಗೆ ಓರಿಯೆಂಟೇಶನ್ ಟ್ರೇನಿಂಗ್ ಇದೆ. ಅದಕ್ಕಿಂತ ಹೆಚ್ಚಾಗಿ, ಹೋದ್ಸಲ ಕ್ಯಾಂಪಿಗೆ ಬಂದಿದ್ದ ಮಕ್ಕಳು ಇದ್ದಾರಲ್ಲ, ಐವತ್ತು ಜನಕ್ಕೆ ಉಪ್ಪಿಟ್ಟಿಗೆ ಎಷ್ಟು ರವೆ ಬೇಕು, ಗುದ್ದಲಿ ಪಿಕಾಸಿ ಯಾರ ಮನೇಲಿ ಸಿಗುತ್ತೆ, ಪ್ರಭಾತಫೇರಿಗೆ ಎಷ್ಟೊತ್ತಿಗೆ ಎಬ್ಬಿಸ್ಬೇಕು, ಎಲ್ಲ ಅವಕ್ಕೆ ನನಗಿಂತ ಚೆನ್ನಾಗಿ ಗೊತ್ತು.

ಸ್ಟಾಕ್ ರಿಜಿಸ್ಟರು, ಕ್ಯಾಶ್ ಬುಕ್ಕು, ಬೀರು ಬೀಗದ ಕೈ ಎಲ್ಲ ಮೇಡಂಗೆ ಕೊಟ್ಟಾಯ್ತು. ಸಲಹಾ ಸಮಿತೀಲಿ ಇರಿ ಅಂದ್ರು, ಈ ವರ್ಷ ಬೇಡ ಅಂದೆ, ನಾನು ಪಕ್ಕದಲ್ಲಿ ಕೂತಿದ್ರೆ ಮಕ್ಕಳು ಮೇಡಂ ಬಿಟ್ಟು ನನ್ನ ಮುಖ ನೋಡ್ತಾರೆ. ಹಳೇ ಸ್ಟೂಡೆಂಟ್ಸ್, ಕ್ಯಾಂಪಿಗೆ ಅಕ್ಕಿ ಬೇಳೆ ಕೊಡ್ತೀವಿ ಸಾರ್ ಅಂತ ನಂಗೆ ಮೆಸೇಜ್ ಹಾಕ್ತಿದೀರಲ್ಲ, ಖುಷಿನೇ, ಆದ್ರೆ ಕಾಲೇಜಿಗೆ ಹೋಗಿ ಮೇಡಂ ಹತ್ರ ಮಾತಾಡಿ. ಊರು ಇನ್ನೂ ಫಿಕ್ಸ್ ಆಗಿಲ್ವಂತೆ, ನಿಮ್ಮೂರ ಶಾಲೇಲಿ ಜಾಗ, ನೀರು, ಟಾಯ್ಲೆಟ್ ಸರಿ ಇದ್ರೆ ಅದನ್ನೂ ಅವರಿಗೇ ಹೇಳಿ.