ಗುಟ್ಕಾ ಎರಡು ಪೊಟ್ಟಣವಾಯಿತು: ಪಾನ್ ಮಸಾಲಾವನ್ನೂ ನಿಷೇಧಿಸಬೇಕೇ?

ಪರ

ಎಲೆಅಡಿಕೆ ಹಾಕುವವರಿಗೆ ಅಡಿಕೆ ಕತ್ತರಿಸಿ, ಎಲೆಗೆ ಸುಣ್ಣ ಸವರಿ, ಕಡ್ಡಿಪುಡಿ ಸೇರಿಸುವಷ್ಟಾದರೂ ಹೊತ್ತು ಬೇಕಿತ್ತು. ಗುಟ್ಕಾ ಆ ಹೊತ್ತನ್ನೂ ಇಲ್ಲವಾಗಿಸಿತು: ಅಡಿಕೆಚೂರು, ಕಾಚು, ಸುಣ್ಣ, ಸುವಾಸನೆ, ತಂಬಾಕು ಎಲ್ಲವೂ ಒಂದೇ ಸ್ಯಾಷೆಯಲ್ಲಿ. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಕೂಡದೆಂದು 2011ರ ಆಹಾರ ಸುರಕ್ಷತಾ ನಿಯಮ ಹೇಳಿತು. 2013ರ ಮೇ ಕೊನೆಗೆ ಕರ್ನಾಟಕದಲ್ಲೂ ಗುಟ್ಕಾ ನಿಷೇಧವಾಯಿತು. ಆಗ ತಯಾರಕರು ಅದನ್ನೇ ಎರಡಾಗಿ ಸೀಳಿದರು. ದೊಡ್ಡ ಪೊಟ್ಟಣದಲ್ಲಿ ಪಾನ್ ಮಸಾಲಾ, ಚಿಕ್ಕದರಲ್ಲಿ ತಂಬಾಕು. ಒಂದೇ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ನೇತಾಡುತ್ತವೆ. ದೊಡ್ಡದನ್ನು ಹರಿದು, ಚಿಕ್ಕದನ್ನು ಅದರೊಳಗೆ ಸುರಿದು ಕುಲುಕಿದರೆ ಗುಟ್ಕಾ ತಯಾರು.

ತಂಬಾಕಿಲ್ಲದ ಪೊಟ್ಟಣವೂ ಸುರಕ್ಷಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2003ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪೊರೆಯಲ್ಲಿ ಕೊಲಾಜೆನ್ ನಾರು ಹೆಚ್ಚಿಸುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಒಳಕೆನ್ನೆ ಬಿಳಿಚಿ ಗಡುಸಾಗುತ್ತದೆ. ಮೂರು ಬೆರಳು ಹಿಡಿಸುತ್ತಿದ್ದ ಬಾಯಿಗೆ ಬರಬರುತ್ತ ಒಂದು ಬೆರಳೂ ಕಷ್ಟ. ಜಗಿಯುವುದನ್ನು ಬಿಟ್ಟರೂ ಬೆಳೆದ ನಾರು ಪೂರ್ತಿ ಕರಗದು, ಈ ಸ್ಥಿತಿ ಕ್ಯಾನ್ಸರಿಗೂ ತಿರುಗಬಲ್ಲದು. ಚಿಕ್ಕ ಪೊಟ್ಟಣವನ್ನಷ್ಟೇ ತೆಗೆದರೆ ಹುಡುಗರ ಬಾಯಿ ಮುಚ್ಚುತ್ತ ಹೋಗುವುದು ನಿಲ್ಲುವುದಿಲ್ಲ.

ವಿರೋಧ

ಅಡಿಕೆಯ ಅಪಾಯ ನಿಜ. ಆದರೆ ನಿಷೇಧಕ್ಕೆ ಆಧಾರವಾದ ಕಾನೂನು ಬಲು ತೆಳು. ಆಹಾರ ಸುರಕ್ಷತಾ ಕಾಯ್ದೆಯ 30(2)(ಎ) ಕಲಂ ಪ್ರಕಾರ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ನಿಷೇಧ ಹೇರಬಹುದಾದದ್ದು ಹೆಚ್ಚೆಂದರೆ ಒಂದು ವರ್ಷ. ಆಮೇಲೆ ಮತ್ತೆ ಅಧಿಸೂಚನೆ. ತಮಿಳುನಾಡಿನಲ್ಲಿ ಹೀಗೆ ವರ್ಷವರ್ಷವೂ ಹೊರಡಿಸಿದ ಗುಟ್ಕಾ ಆದೇಶವನ್ನು 2023ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ರದ್ದು ಮಾಡಿತು. ಆಮೇಲೆ ಆ ತೀರ್ಪಿಗೆ ಸುಪ್ರೀಂ ಕೋರ್ಟ್ ತಡೆ ಕೊಡಬೇಕಾಯಿತು. ಇಂಥ ತಳಪಾಯದ ಮೇಲೆ ಇನ್ನೊಂದು ನಿಷೇಧ ಕಟ್ಟುವುದು ಜಾಣತನವಲ್ಲ.

ಮಸಾಲಾ ಪೊಟ್ಟಣ ಸಿಗದಿದ್ದರೆ ಜನ ಏನು ಮಾಡುತ್ತಾರೆಂಬುದಕ್ಕೆ ಗುಜರಾತಿನ ಮಾವಾ ಕಣ್ಣೆದುರಿಗಿದೆ: ಅಡಿಕೆಚೂರು, ತಂಬಾಕು, ಸುಣ್ಣದ ನೀರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಉಜ್ಜಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದಕ್ಕೆ ಲೇಬಲ್ ಇಲ್ಲ, ಎಚ್ಚರಿಕೆ ಚಿತ್ರವಿಲ್ಲ, ತೂಕವೂ ಇಲ್ಲ. ಸುಣ್ಣ ಹೆಚ್ಚಾದಷ್ಟೂ ಕ್ಷಾರ ಏರಿ ನಿಕೋಟಿನ್ ಕೆನ್ನೆಯ ಮೂಲಕ ಬೇಗ ರಕ್ತಕ್ಕೆ ಇಳಿಯುತ್ತದೆ. ಕೈಅಳತೆಯಲ್ಲಿ ಅದು ಎಷ್ಟೆಂದು ಮಾರುವವನಿಗೂ ಗೊತ್ತಿರದು.

ಹಿಡಿಯಬೇಕಾದದ್ದು ಚಿಕ್ಕ ಪೊಟ್ಟಣವನ್ನು. ಜಗಿಯುವ ತಂಬಾಕಿಗೆ ಕನಿಷ್ಠ ತೂಕ ನಿಗದಿ ಮಾಡಿ, ಚಿಲ್ಲರೆ ಕಾಸಿಗೆ ಕೊಳ್ಳಲಾಗದಷ್ಟು ತೆರಿಗೆ ಹಾಕಿ. ಎರಡನ್ನೂ ಒಂದೇ ಅಂಗಡಿಯಲ್ಲಿ ಮಾರುವಂತಿಲ್ಲವೆಂದು ಪರವಾನಗಿಯಲ್ಲೇ ಬರೆಯಿರಿ. ಮಲೆನಾಡಿನ ಕೆಂಪಡಿಕೆಗೆ ದೊಡ್ಡ ಗಿರಾಕಿ ಪಾನ್ ಮಸಾಲಾ ಉದ್ಯಮವೇ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಂಥ ತೋಟವನ್ನು ಬೆಳೆಗಾರ ಒಂದು ಹಂಗಾಮಿನಲ್ಲಿ ಬದಲಿಸಲಾರ. ಪರ್ಯಾಯ ಬೆಳೆಗೆ ನೆರವು ಮೊದಲು ಬರಲಿ, ನಿಷೇಧದ ಮಾತು ಆಮೇಲೆ.