ತೊಟ್ಟಿಲಿಗೆ ಕಟ್ಟಿದ ಬಜೆ

ಮಗಳಿಗೆ ಮೊನ್ನೆ ಒಂಬತ್ತು ತಿಂಗಳು ತುಂಬಿತು. ಬಾಣಂತನದಲ್ಲಿ ನೋಡಿದ ಒಂದು ವಿಷಯ ಬರೆಯಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೆ. ಸ್ವಲ್ಪ ಉದ್ದ ಆಗುತ್ತೆ. ಮನೆಯಲ್ಲಿ ಬಸುರಿ, ಬಾಣಂತಿ ಇರುವವರು ದಯವಿಟ್ಟು ಪೂರ್ತಿ ಓದಿ.

ನನ್ನ ತವರು ತಿಪಟೂರು ಕಡೆ ಒಂದು ಹಳ್ಳಿ. ಹೆರಿಗೆಯಾಗಿ ಮೂರನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದೆವು. ಅವತ್ತು ಸಂಜೆಯೇ ಊರಿನ ಆಶಾ ಕಾರ್ಯಕರ್ತೆ ಬಂದರು. ಗುಲಾಬಿ ಸೀರೆ, ಹೆಗಲಿಗೆ ಬ್ಯಾಗು. ಮೊದಲು ಸೋಪು ಹಾಕಿ ಕೈ ತೊಳೆದುಕೊಂಡರು. ಆಮೇಲೆ ಮಗುವನ್ನು ಜೋಳಿಗೆಯಂಥ ಬಟ್ಟೆಯಲ್ಲಿ ಮಲಗಿಸಿ, ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಮೆಲ್ಲಗೆ ಮೇಲೆತ್ತಿದರು. ಹುಟ್ಟಿದಾಗ ಎರಡೂ ಮುಕ್ಕಾಲು ಕೆಜಿ ಇದ್ದಿದ್ದು ಎರಡು ಕೆಜಿ ಆರುನೂರಕ್ಕೆ ಇಳಿದಿತ್ತು. ನನಗೆ ಅಳುವೇ ಬಂತು. 'ಮೊದಲನೇ ವಾರ ಇಳಿಯೋದು ಇದ್ದದ್ದೇ ಕಣಮ್ಮ, ಹಾಲು ಕುಡೀತಾ ಕುಡೀತಾ ಹತ್ತು ಹದಿನೈದು ದಿನಕ್ಕೆ ಮತ್ತೆ ಏರುತ್ತೆ' ಅಂದರು. ಆ ಒಂದು ಮಾತು ಕೇಳಿದ ಮೇಲೇ ಆ ರಾತ್ರಿ ನಾನು ಕಣ್ಣು ಮುಚ್ಚಿದ್ದು.

ಅಷ್ಟೊತ್ತಿಗೆ ನಮ್ಮಜ್ಜಿ ಕಲ್ಲಿನ ಮೇಲೆ ಬಜೆ ತೇಯುತ್ತಾ ಕೂತಿದ್ದರು, ಮಗುವಿಗೆ ನೆಕ್ಕಿಸೋಕೆ. ಕಲಿತವರು ಯಾರಾದರೂ ಆಗಿದ್ದರೆ ಅಲ್ಲೇ ಅಜ್ಜಿಗೆ ಬೈದು ಹೋಗಿರೋರು. ಅಜ್ಜಿ ತಲೆ ಆಡಿಸಿ, ಅವರು ಆ ಕಡೆ ಹೋದ ಮೇಲೆ ನೆಕ್ಕಿಸಿರೋರು. ಇವರು ಅಜ್ಜಿ ಪಕ್ಕ ಹೋಗಿ ಕೂತು, 'ಬಜೆ ಕೆಟ್ಟದ್ದು ಅನ್ನಲ್ಲ ಕಣಜ್ಜಿ. ತೊಟ್ಟಿಲಿಗೆ ಕಟ್ಟಿ, ದೃಷ್ಟಿ ಆಗಲ್ಲ. ಬಾಯಿಗೆ ಮಾತ್ರ ಬೇಡ. ಕಲ್ಲಿನ ಕೊಳೆ, ಬೆರಳಿನ ಕೊಳೆ ಎಲ್ಲ ಕೂಸಿನ ಹೊಟ್ಟೆಗೆ ಹೋಗುತ್ತೆ. ಆರು ತಿಂಗಳು ಎದೆಹಾಲು ಒಂದೇ, ಬೇಸಿಗೆ ಆದ್ರೂ ನೀರೂ ಬೇಡ' ಅಂದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಜೆ ಕೊಂಬಿಗೆ ದಾರ ಕಟ್ಟಿ ತೊಟ್ಟಿಲ ಸರಪಳಿಗೆ ನೇತು ಹಾಕಿದರು.

ಬಾಣಂತಿಗೆ ನೀರು ಕೊಟ್ಟರೆ ನಂಜಾಗುತ್ತೆ ಅಂತ ನಮ್ಮಮ್ಮ ಲೋಟ ಅಳೆದು ಕೊಡುತ್ತಿದ್ದರು. ಅದನ್ನೂ ಇವರೇ ಬಿಡಿಸಿದ್ದು. ಕಿವಿಗೆ, ಮೂಗಿಗೆ ಎಣ್ಣೆ ಬಿಡೋದು ನಿಂತಿತು. ಹೊಕ್ಕುಳಿಗೆ ಏನೂ ಹಚ್ಚದೆ ಒಣಗೋಕೆ ಬಿಟ್ಟೆವು. ಅಂಗೈ ಅಂಗಾಲು ಹಳದಿಯಾದರೆ, ಮೈ ತಣ್ಣಗಾದರೆ, ಹಾಲು ಕುಡಿಯೋದು ಬಿಟ್ಟರೆ, ಉಸಿರಾಡುವಾಗ ಎದೆ ಒಳಗೆ ಸೆಳೆದುಕೊಂಡರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ ಅಂತ ನಮ್ಮಮ್ಮನ ಹತ್ತಿರ ಎರಡು ಸಲ ಹೇಳಿಸಿದರು.

3, 7, 14, 21, 28, 42. ಹೆರಿಗೆಯಾದ ಮೇಲೆ ಅವರು ಮನೆಗೆ ಬರಬೇಕಾದ ದಿನಗಳು ಇವು. ಮಳೆ ಬಂದ ದಿನವೂ ತಪ್ಪಿಸಲಿಲ್ಲ.

ಈಗ ಇಂಜೆಕ್ಷನ್ ವಿಷಯ. ಒಂದೂವರೆ ತಿಂಗಳಿಗೆ ಗುರುವಾರ ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಬಾಯಿಗೆ ಪೋಲಿಯೊ, ರೋಟಾ ಹನಿ. ಎಡತೊಡೆಗೆ ಒಂದು ಸೂಜಿ, ಬಲತೊಡೆಗೆ ಒಂದು, ಬಲತೋಳಿಗೆ ಒಂದು. ಅಷ್ಟು ಸಣ್ಣ ಮೈಗೆ ಮೂರು ಸೂಜಿ ಅಂದರೆ ಯಾವ ತಾಯಿಯ ಕರುಳಾದರೂ ಕಿತ್ತು ಬರುತ್ತೆ. ಆದರೆ ಅಲ್ಲಿನ ಸಿಸ್ಟರ್ ಒಂದೊಂದು ಚುಚ್ಚುವಾಗಲೂ ಇದು ಯಾವುದಕ್ಕೆ ಅಂತ ಹೇಳಿದರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ ಎಲ್ಲ ಎಡತೊಡೆಯ ಒಂದೇ ಸೂಜಿಯಲ್ಲಿ ಬರುತ್ತಂತೆ. ಬಲತೊಡೆಯದ್ದು ನ್ಯುಮೋನಿಯಾಗೆ. ಖಾಸಗಿಯಲ್ಲಿ ಅದರ ಒಂದು ಡೋಸಿಗೇ ಸಾವಿರಾರು ರೂಪಾಯಿ ಆಗುತ್ತೆ, ಇಲ್ಲಿ ಒಂದು ಪೈಸೆ ಇಲ್ಲ. 'ರಾತ್ರಿ ಜ್ವರ ಬರಬಹುದು, ಎಡತೊಡೆ ಊದಬಹುದು, ಹೆದರಬೇಡಿ. ಈ ಡ್ರಾಪ್ಸ್ ಹಾಕಿ, ಹಾಲು ಕೊಡ್ತಾ ಇರಿ. ಊದಿದ ಕಡೆ ಉಜ್ಜಬೇಡಿ, ಶಾಖ ಕೊಡಬೇಡಿ. ಎರಡು ದಿನವಾದರೂ ಬಿಡದಿದ್ದರೆ ಕರಕೊಂಡು ಬನ್ನಿ' ಅಂದರು. ಮುಂದಿನ ತಾರೀಕನ್ನು ತಾಯಿ ಕಾರ್ಡಲ್ಲಿ ಬರೆದು, ಕಾರ್ಡ್ ಜೋಪಾನ ಅಂತ ಹೇಳಿ, ಅರ್ಧ ಗಂಟೆ ಅಲ್ಲೇ ಕೂರಿಸಿ ಕಳಿಸಿದರು.

ಹೇಳಿದ ಹಾಗೇ ರಾತ್ರಿ ಹನ್ನೊಂದಕ್ಕೆ ಮೈ ಸುಡೋಕೆ ಶುರುವಾಯಿತು. ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಅಜ್ಜಿಯೇ 'ಸಿಸ್ಟರ್ ಹೇಳಿದ್ರಲ್ಲ, ಡ್ರಾಪ್ಸ್ ಹಾಕು' ಅಂದರು.

ಇದನ್ನು ಇಷ್ಟು ಬಿಡಿಸಿ ಹೇಳೋಕೆ ಕಾರಣ ನಮ್ಮಕ್ಕ. ಆರು ವರ್ಷದ ಹಿಂದೆ ಅವಳ ಮಗನಿಗೆ ಪಟ್ಟಣದ ಒಂದು ನರ್ಸಿಂಗ್ ಹೋಮಲ್ಲಿ ಮೊದಲ ಇಂಜೆಕ್ಷನ್ ಹಾಕಿಸಿದರು. ಬಿಲ್ ಕೊಟ್ಟರು, ಪುಸ್ತಕ ಕೊಟ್ಟರು, ಜ್ವರ ಬರುತ್ತೆ ಅಂತ ಒಂದು ಮಾತು ಹೇಳಲಿಲ್ಲ. ರಾತ್ರಿಯೆಲ್ಲ ಮಗು ಕಿರುಚಿತು. ಬೆಳಗ್ಗೆ ಅವಳ ಅತ್ತೆ 'ಚೆನ್ನಾಗಿದ್ದ ಮಗೂನ ಕೆಡಿಸಿದ್ರು, ಇನ್ನು ಯಾವ ಸೂಜಿಯೂ ಬೇಡ' ಅಂದುಬಿಟ್ಟರು. ಎರಡನೇದೂ ಹೋಯಿತು, ಮೂರನೇದೂ ಹೋಯಿತು. ಆ ಊರಿನ ಆಶಾ ಎರಡು ಮೂರು ಸಲ ಮನೆಗೆ ಬಂದು ಅತ್ತೆಯ ಹತ್ತಿರ ಮಾತಾಡಿ, ತಪ್ಪಿದ್ದನ್ನು ವರ್ಷ ತುಂಬೋದರೊಳಗೆ ಹಾಕಿಸಿದರು. ಅತ್ತೆಯನ್ನು ದೂರಿ ಏನು ಮಾಡೋದು? ಮೊಮ್ಮಗನ ಮೇಲಿನ ಆಸೆಗೇ ಬೇಡ ಅಂದಿದ್ದು ಅವರು. ಸೂಜಿ ಹಾಕಿದವರು ಇನ್ನೆರಡು ನಿಮಿಷ ಮಾತಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆ ಎರಡು ನಿಮಿಷದ ಮಾತೂ ಲಸಿಕೆಯ ಭಾಗವೇ ಅಂತ ನಾನು ನಂಬಿದ್ದೇನೆ.

ಆ ಮಾತಿಗೆ ನಾವು ಕೊಡುವ ಬೆಲೆ ನೋಡಿ. ಬಾಣಂತಿ ಮನೆಗೆ ಆರೂ ಭೇಟಿ ಮುಗಿಸಿದರೆ ಆಶಾಗೆ ಪ್ರೋತ್ಸಾಹಧನ 250 ರೂಪಾಯಿ. ಒಂದು ಭೇಟಿಗೆ ಅಲ್ಲ, ಆರಕ್ಕೂ ಸೇರಿ. 2005ರಲ್ಲಿ ಆಶಾ ಯೋಜನೆ ಶುರುವಾದಾಗಿನಿಂದ ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, 'ಸ್ವಯಂಸೇವಕರು'. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಚಳಿಯಲ್ಲಿ ಹಗಲು ರಾತ್ರಿ ಧರಣಿ ಕೂತರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಸಿಕ್ಕಿದ್ದು 10,000ದ ಭರವಸೆ. ಆಗ ಟ್ರಾಫಿಕ್ ಜಾಮ್ ಅಂತ ಬೈದವರಲ್ಲಿ ನಾನೂ ಒಬ್ಬಳು. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಐದು ತಿಂಗಳಿಗೆ ಬೆಂಗಳೂರಿಗೆ ವಾಪಸ್ ಬಂದೆ. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಅಂಥವರು ಯಾರೂ ಬರುವ ಹಾಗೇ ಇಲ್ಲ. ಹೋದ ತಿಂಗಳು ಡೆಂಗಿ ಸೊಳ್ಳೆಯ ಮರಿ (ಲಾರ್ವಾ) ಇದೆಯಾ ಅಂತ ನೋಡೋಕೆ ಬಂದ ಇಬ್ಬರು ಹೆಂಗಸರನ್ನು ಸೆಕ್ಯೂರಿಟಿಯವರು ಗೇಟಲ್ಲೇ ಇಪ್ಪತ್ತು ನಿಮಿಷ ನಿಲ್ಲಿಸಿ ವಾಪಸ್ ಕಳಿಸಿದರು. ಆ ಸೊಳ್ಳೆ ಮೊಟ್ಟೆ ಇಡೋದು ಚರಂಡಿಯಲ್ಲಿ ಅಲ್ಲ, ನಮ್ಮಂಥವರ ಬಾಲ್ಕನಿಯ ಕುಂಡದ ತಟ್ಟೆಯಲ್ಲಿ, ಫ್ರಿಜ್ ಹಿಂದಿನ ಟ್ರೇಯಲ್ಲಿ. ನೀರು ನಿಂತು ಒಂದು ವಾರ ಹತ್ತು ದಿನ ಆದರೆ ಸಾಕು, ಹೊಸ ಸೊಳ್ಳೆ ಹಾರಿಬಿಡುತ್ತೆ. ಕಚ್ಚೋದೂ ಹಗಲಲ್ಲೇ, ಮಕ್ಕಳು ಆಡುವ ಹೊತ್ತಲ್ಲೇ. ನಮ್ಮ ಬ್ಲಾಕಲ್ಲಿ ಈ ವರ್ಷ ಮೂರು ಮಕ್ಕಳಿಗೆ ಡೆಂಗಿ ಬಂತು. ಊಟ ತಂದು ಕೊಡುವವರು ದಿನಕ್ಕೆ ನೂರು ಸಲ ಒಳಗೆ ಬರುತ್ತಾರೆ, ಇವರು ಬರಬಾರದಾ?

ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಕೇಳಿದ್ದೇನೆ, ಆರೋಗ್ಯ ಇಲಾಖೆಯ ಕಾರ್ಡ್ ತೋರಿಸಿದವರನ್ನು ತಡೆಯದೆ ಒಳಗೆ ಬಿಡಿ ಅಂತ. ಇಬ್ಬರು ಸರಿ ಅಂದಿದ್ದಾರೆ. ಭಾನುವಾರದ ಮೀಟಿಂಗಲ್ಲಿ ಮತ್ತೆ ಎತ್ತುತ್ತೇನೆ. ಅದಕ್ಕಿಂತ ಮುಂಚೆ ಈ ಗುರುವಾರ ಮಗಳ ಒಂಬತ್ತು ತಿಂಗಳ ಇಂಜೆಕ್ಷನ್ ಇದೆ, ದಡಾರ ರುಬೆಲ್ಲಾದ್ದು. ಊರಿಂದ ಅಜ್ಜಿ ನಿನ್ನೆಯೇ ಫೋನ್ ಮಾಡಿದ್ದರು, ತಾಯಿ ಕಾರ್ಡ್ ಎತ್ತಿಟ್ಟುಕೊಂಡಿದ್ದೀಯಾ ಅಂತ.