ಕಲ್ಲಚ್ಚಿಗೆ ಬಾರದ ನಮ್ಮ ನಟರು

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಚ್ಚಿನ ಚಿತ್ರಗಳನ್ನು ನೋಡಲೆಂದೇ ಒಂದು ಕೋಣೆಯಿದೆ. ಮೊದಲೇ ಹೇಳಿಟ್ಟರೆ ಸಾಕು, ಕೇಳಿದ ಹಾಳೆಯನ್ನು ಮೇಜಿಗೇ ತಂದಿಡುತ್ತಾರೆ. ವಿದ್ವಾಂಸನಲ್ಲದ ನನ್ನ ಮುಂದೆಯೂ ಅಲ್ಲಿ ಕಲಾವಿದ ಝಾಕ್ ಕಾಲೋನ ತಾಮ್ರದಚ್ಚಿನ ಕೋಡಂಗಿಗಳು ಬಂದು ನಿಂತರು.

1620ರ ದಶಕದ ಆರಂಭದಲ್ಲಿ ಕಾಲೋ ಮಾಡಿದ ಈ ಸರಣಿಯಲ್ಲಿ 24 ಚಿತ್ರಗಳಿವೆ. ಒಂದೊಂದೂ ಪೋಸ್ಟ್ ಕಾರ್ಡಿಗಿಂತ ಚಿಕ್ಕದು. ಮುಂದೆ ಇಟಲಿಯ ಬೀದಿನಾಟಕದ ಇಬ್ಬರು ಪಾತ್ರಧಾರಿಗಳು ಸೊಂಟ ತಿರುಚಿ, ಕತ್ತಿ ಹಿರಿದು ಕುಣಿಯುತ್ತಾರೆ. ಹಿಂದೆ ಇರುವೆಯಷ್ಟು ಸಣ್ಣ ಜನ. ಪಾದದ ಬಳಿ ಪಾತ್ರದ ಹೆಸರು: ಫ್ರಿತ್ತೆಲ್ಲಿನೋ, ಸ್ಕಾರಾಮುಚ್ಚಾ. ಹೊಟ್ಟೆಪಾಡಿಗೆ ಕುಣಿದವರ ಕಾಲಿನ ಬಾಗು ನಾನೂರು ವರ್ಷ ಅಳಿಸದೆ ಉಳಿದಿದೆ. ನೋಡಿ ಸಂತೋಷವಾಯಿತು. ಬೆನ್ನಿಗೇ ಹೊಟ್ಟೆ ಉರಿಯಿತು.

1894ರ ಮಾತು ತೆಗೆದುಕೊಳ್ಳಿ. ಆ ವರ್ಷ ಪ್ಯಾರಿಸ್ಸಿನಲ್ಲಿ ಚಿತ್ರಕಾರ ತುಲೂಸ್ ಲೋತ್ರೆಕ್, ಹಾಡುಗಾರ್ತಿ ಇವೆಟ್ ಗಿಲ್ಬೇರಳ ಮೇಲೆ ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಬರೆದು ಹಾಳೆಗೆ ಒತ್ತಿದ ಚಿತ್ರಗಳ, ಆಲ್ಬಮ್ಮನ್ನೇ ತಂದ. ಅವಳ ಉದ್ದನೆಯ ಕರಿ ಗ್ಲೌಸು, ಚೂಪು ಗಲ್ಲ, ಪರದೆಯ ಪಕ್ಕ ಬಾಗಿ ನಿಲ್ಲುವ ಭಂಗಿ ಎಲ್ಲವೂ ಅದರಲ್ಲಿವೆ. ಅದೇ ವರ್ಷ ಮುಂಬಯಿಯಲ್ಲಿ ರವಿವರ್ಮನ ಅಚ್ಚುಕೂಟ ಶುರುವಾಯಿತು. ಅಲ್ಲಿದ್ದದ್ದೂ ಕಲ್ಲೇ. ನಮ್ಮ ಕಲ್ಲಿನಿಂದ ಲಕ್ಷ್ಮಿ, ಸರಸ್ವತಿಯರು ಎದ್ದು ಬಂದು ದೇವರಮನೆ ಸೇರಿದರು. ಗುಬ್ಬಿ ಕಂಪನಿ ಕಟ್ಟಿ ಅಷ್ಟರಲ್ಲಿ 10 ವರ್ಷವಾಗಿತ್ತು. ಅದರ ನಟರನ್ನು ಕಲ್ಲಿನ ಮೇಲೆ ಕೂರಿಸಬೇಕೆಂದು ಯಾರಿಗೂ ತೋಚಲಿಲ್ಲವೇ? ರಾತ್ರಿಯಿಡೀ ಆಟ ನೋಡಿ, ಬೆಳಗ್ಗೆ ವೇಷ ಕಳಚಿದವನ ಗುರುತೇ ಹಿಡಿಯದೆ ಮನೆಗೆ ನಡೆಯುವವರು ನಾವು. ಇದು ನನಗೆ ಸಹಿಸಲಾಗದ ಅಸಡ್ಡೆ.

ಚಿತ್ರಕಾರ ಕೆ.ಕೆ. ಹೆಬ್ಬಾರರು ಕುಣಿತವನ್ನು ರೇಖೆಯಲ್ಲಿ ಹಿಡಿದರು, ನಿಜ. ಕಾಲೋ ಬರೆದದ್ದೆಲ್ಲ ಕಣ್ಣಾರೆ ಕಂಡ ಆಟವಲ್ಲ ಎನ್ನುವ ವಿದ್ವಾಂಸರಿದ್ದಾರೆ, ಅದನ್ನೂ ಒಪ್ಪಬೇಕು. ಫ್ರಿತ್ತೆಲ್ಲಿನೋ ಏನು ಹಾಡಿದ ಎಂದು ಆ ಹಾಳೆ ಹೇಳುವುದಿಲ್ಲ. ನಮ್ಮ ರಂಗಗೀತೆಗಳು ಮಾತ್ರ ಇಂದಿಗೂ ಬಾಯಲ್ಲಿವೆ.

ಆದರೂ ಬೆಂಗಳೂರಿನಲ್ಲಿ ಅಚ್ಚಿನ ಕಲೆ ಕಲಿಯುವ ಹುಡುಗ ಹುಡುಗಿಯರನ್ನು ಒಂದು ರಾತ್ರಿ ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಕೂರಿಸಬೇಕು. ಬಣ್ಣದ ವೇಷಧಾರಿ ಕನ್ನಡಿ ಹಿಡಿದು ತಾಸುಗಟ್ಟಲೆ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ತಾಮ್ರದ ತಗಡು ಮೊದಲು ಅವನ ಎದುರಿಗೆ ಹೋಗಲಿ; ಅಚ್ಚಾದ ಹಾಳೆಯಲ್ಲಿ ವೇಷದ ಹೆಸರಿನ ಜೊತೆ ಅವನ ಹೆಸರೂ ಇರಲಿ.